ಮಾವನ ಸೊಂಟದ ಪಟ್ಟಿ, ದೋಣಿಯ ದಿಕ್ಸೂಚಿ

ದೋಣಿ ಉಪಕರಣಗಳ ರಿಪೇರಿ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮಾವ, ಒಬ್ಬ ಅಳಿಯ. ಇಬ್ಬರ ನಡುವೆ ಅವರ ದೋಣಿಯ ಎಲೆಕ್ಟ್ರಾನಿಕ್ ದಿಕ್ಸೂಚಿ.

“ಜಿಪಿಎಸ್ ಆಂಟೆನಾ ಸರಿಯಿದೆಯಂತೆ. ದಿಕ್ಸೂಚೀನೂ ಕೆಟ್ಟಿಲ್ವಂತೆ. ಇನ್ನು ಉಳಿದಿದ್ದು ನೀವೊಬ್ರೇ, ಅಳಿಯಂದ್ರೇ.”

“ನಾನೇನ್ ಮಾಡ್ದೆ, ಮಾವ?”

“ನಾನು ಚುಕ್ಕಾಣಿ ಹಿಡಿದ್ರೆ ಉತ್ತರಾನ ಉತ್ತರ ಅನ್ನುತ್ತೆ. ನೀವು ಹಿಡಿದ್ರೆ ಬಾಯಿಗೆ ಬಂದಿದ್ದು ಹೇಳುತ್ತೆ. ಅದಕ್ಕೇ ನಿಮಗೆ ಚುಕ್ಕಾಣಿ ಕೊಡಲ್ಲ ಅಂದಿದ್ದು.”

“ಹೊಸದಾಗಿ ಕೂರಿಸಿದಾಗ ಈ ದಿಕ್ಸೂಚಿಗೆ ದಿಕ್ಕು ಕಲಿಸೋಕೆ ದೋಣೀನ ಸುತ್ತು ಹೊಡೆಸಿದವರು ಯಾರು?”

“ನಾನೇ. ಅದರ ಪಕ್ಕದಲ್ಲೇ ಒರಗಿ ಕೂತು ಕಲಿಸಿದ್ದೀನಿ.”

“ಆಗ ಸೊಂಟಕ್ಕೆ ಏನು ಕಟ್ಕೊಂಡಿದ್ರಿ?”

“ಇದೇ ಪಟ್ಟಿ. ಸೊಂಟನೋವಿಗೆ ಅಂತ ನಿಮ್ಮತ್ತೆ ತಂದಿದ್ದು.”

“ಅದರೊಳಗೆ ಏನಿದೆ?”

“ಅಯಸ್ಕಾಂತ.” ಮಾವ ಮೆಲ್ಲಗೆ ಸೊಂಟ ಮುಟ್ಟಿ ನೋಡಿಕೊಂಡರು.

“ಕಲಿಸುವಾಗ ಹತ್ತಿರ ಅಯಸ್ಕಾಂತ ಇದ್ದಿರಬೇಕು ಅಂತಲೇ ಮೆಕ್ಯಾನಿಕ್ ಹೇಳಿದ್ದು. ಪಾಪ, ದಿಕ್ಸೂಚಿ ನಿಮ್ಮ ಸೊಂಟಾನೂ ಸೇರಿಸಿ ಪಾಠ ಕಲಿತಿದೆ. ಪಟ್ಟಿ ಇಲ್ಲದವರು ಕೂತ್ರೆ ಗಾಬರಿಯಾಗುತ್ತೆ.”

“ಈಗೇನು ಮಾಡೋದು?”

“ಮತ್ತೆ ಸುತ್ತು ಹೊಡೆಸ್ಬೇಕು. ಪಟ್ಟಿ ಬಿಚ್ಚಿ.”

“ಬಿಚ್ಚಿದ್ರೆ ಕೂರೋಕೂ ಆಗಲ್ಲ.”

“ಹಾಗಾದ್ರೆ ಚುಕ್ಕಾಣಿ ನಂಗೆ ಕೊಡಿ. ನೀವು ದಡದಲ್ಲಿ ನಿಂತು ಬೈತಾ ಇರಿ.”

ಮಾವ ಬಹಳ ಹೊತ್ತು ಕೆಮ್ಮಿದರು. ಆಮೇಲೆ ದೋಣಿಯ ಬೀಗದಕೈ ತೆಗೆದು ಅಳಿಯನ ಅಂಗೈಗೆ ಹಾಕಿದರು.

“ಇಂಜಿನ್ ಸದ್ದು ಮೀರಿ ಕೇಳಿಸೋ ಹಾಗೆ ಬೈತೀನಿ,” ಎನ್ನುತ್ತಾ ಪಟ್ಟಿ ಬಿಗಿದುಕೊಂಡು ಮುಂದೆ ನಡೆದರು.