ಚಿಕ್ಕಪೇಟೆಗೆ ಹೋದ ನಮ್ಮ ಪಾತ್ರೆ-ಪಡಗ

ಅಲ್ಲ ಕಣ್ರೋ, ಸೋರೋದು ಬೇರೆ, ಬೀಳೋದು ಬೇರೆ. ಈ ಚಾಮರಾಜಪೇಟೆ ಮನೆ ತಾರಸಿ ಪ್ರತಿ ಮಳೆಗೂ ಸೋರ್ತಾನೇ ಇತ್ತು, ಬಕೆಟ್ ಇಡ್ತಿದ್ವಿ, ಬಿಸಿಲು ಬಂದ್ರೆ ಮರೀತಿದ್ವಿ. ಆ ಸಲ ಮಾತ್ರ ಅಡುಗೆಮನೆ ತೊಲೆ ಬಿರುಕು ಬಿಟ್ಟು ಮೇಲಿನ ಗಾರೆಯೆಲ್ಲ ಒಲೆ ಮೇಲೆ ಬಿತ್ತು. ಪುಣ್ಯಕ್ಕೆ ನಾನು ಹಾಲು ತರೋಕೆ, ಅಲ್ಲ, ಹಾಲಲ್ಲ, ಹೂವು ತರೋಕೆ ಹೋಗಿದ್ದೆ. ಮೇಸ್ತ್ರಿ ಬಂದು ಕತ್ತೆತ್ತಿ ನೋಡಿ, "ಮೇಡಂ, ಇಡೀ ತಾರಸಿ ಬಿಚ್ಬೇಕು, ಒಳಗೆ ಒಂದು ಚಮಚಾನೂ ಇರಬಾರ್ದು" ಅಂದ. ನಾವೇನೋ ಎದುರುಮನೆ ಮಹಡಿ ರೂಮು ಸೇರ್ಕೊಂಡ್ವಿ, ಸಾಮಾನು ಎಲ್ಲಿಡೋದು? ನಿಮ್ಮ ದೊಡ್ಡಪ್ಪನ ಸ್ನೇಹಿತರು ಗೋಪಾಲಣ್ಣ ಅಂತ, ಚಿಕ್ಕಪೇಟೇಲಿ ರೇಷ್ಮೆ ಸೀರೆ ಅಂಗಡಿ, ಹಿಂದುಗಡೆ ಗೋಡೌನು. ಅದರದ್ದೊಂದು ಮೂಲೆ ಬಿಟ್ಕೊಟ್ರು. ಒಂದೇ ಷರತ್ತು. "ಅತ್ತಿಗೆ, ತಿನ್ನೋ ಪದಾರ್ಥ ಒಂದು ಕಾಳೂ ಬೇಡ. ಇಲಿ ಬಂತೋ, ನನ್ನ ಸೀರೆಗಳ ಕಥೆ ಮುಗೀತು." ನಾನು ಆಯ್ತು ಅಂದೆ. ಎಂ.ಎ. ಓದಿರೋಳು ನೋಡಿ, ಆಯ್ತು ಅಂದ್ರೆ ಆಯ್ತು.

ಸರಿ, ನಾನು ಬೀರು ಮಂಚ ಸಾಗಿಸೋರ ಹಿಂದೆ ಕೂಗಾಡ್ತಾ ಓಡಾಡ್ತಿದ್ರೆ, ನಿಮ್ಮಜ್ಜಿ ಒಬ್ರೇ ಕೂತು ಪಾತ್ರೆಗಳನ್ನೆಲ್ಲ ಹಳೇ ಪಂಚೇಲಿ ಗಂಟು ಕಟ್ಟಿದ್ರು. ಎಷ್ಟು ಅಚ್ಚುಕಟ್ಟು ಅತ್ತೆ ಅಂತ ಹೊಗಳಿದೆ ಬೇರೆ!

ತಾರಸಿ ಪೂರ್ತಿ ಬಿಚ್ಚಿದ್ರು, ಮನೆ ಒಳಗೆ ನಿಂತ್ರೆ ಆಕಾಶ ಕಾಣ್ತಿತ್ತು. ಆವಾಗ ಬಂತು ಗೋಪಾಲಣ್ಣನ ಫೋನು. "ಅತ್ತಿಗೆ, ಸ್ವಲ್ಪ ಬನ್ನಿ." ಅಷ್ಟೇ, ಊಟ ಆಯ್ತಾ ಅಂತಾನೂ ಕೇಳ್ಲಿಲ್ಲ. ಅಜ್ಜಿ "ನಾನೂ ಬರ್ತೀನಿ" ಅಂತ ಹೊರಟ್ರು. ಹೋಗಿ ನೋಡಿದ್ರೆ ಸೀರೆ ಕಟ್ಟಿನ ಪಕ್ಕದಲ್ಲೇ ಇಲಿ ಹಿಕ್ಕೆ. ಸೀರೆಗೆ ಏನೂ ಆಗಿರ್ಲಿಲ್ಲ, ಇನ್ನೂ. ಗೋಪಾಲಣ್ಣ ಒಂದು ಗಂಟು ಬಿಚ್ಚಿದ್ರು, ಕೊಳಗದಲ್ಲಿ ಒಂದು ಹಿಡಿ ಅಕ್ಕಿ. ಇನ್ನೊಂದು ಬಿಚ್ಚಿದ್ರು, ಚೊಂಬಲ್ಲಿ ಅಕ್ಕಿ. ಇಡ್ಲಿ ಪಾತ್ರೇಲಿ, ಕುಕ್ಕರಲ್ಲಿ, ಕೊನೆಗೆ ಕಾಫಿ ಫಿಲ್ಟರಲ್ಲೂ ಅಕ್ಕಿ, ಗೊತ್ತಾ! "ಕ್ಷಮಿಸಿ ಅತ್ತಿಗೆ, ಸಂಜೆಯೊಳಗೆ ಎಲ್ಲಾ ತಗೊಂಡ್ಹೋಗ್ಬಿಡಿ." ಎಲ್ಲಿಗೆ ತಗೊಂಡ್ಹೋಗ್ಲಿ? ಮನೆಗೆ ಸೂರಿಲ್ಲ, ಹೊರಗೆ ಮೋಡ ಕವಿದಿದೆ. ನಾನು ಅಜ್ಜಿ ಕಡೆ ತಿರುಗಿದೆ, ಮುಖ ಹೇಗಿತ್ತೋ ಏನೋ.

ಅಜ್ಜಿ ನನ್ನ ನೋಡ್ಲೇ ಇಲ್ಲ, ಗೋಪಾಲಣ್ಣಂಗೇ ಹೇಳಿದ್ರು. "ಖಾಲಿ ಪಾತ್ರೆ ಹೊಸಿಲು ದಾಟಿಸ್ತಾರೇನಪ್ಪಾ? ಹಾಗೆ ಹೋಗಿದ್ದು ತಿರುಗಿ ಬರಲ್ಲ. ಈ ವಯಸ್ಸಲ್ಲಿ ಹೊಸದಾಗಿ ಅಡುಗೆಮನೆ ಜೋಡಿಸೋ ಶಕ್ತಿ ನಂಗಿಲ್ಲ." ಅಂದವರೇ ನೆಲದ ಮೇಲೆ ಕೂತು ಒಂದೊಂದೇ ಪಾತ್ರೆ ಅಕ್ಕೀನ ಸೆರಗಿಗೆ ಸುರ್ಕೊಳ್ಳೋಕೆ ಶುರು ಮಾಡಿದ್ರು. ಖಾಲಿ ಆದ ಪಾತ್ರೇನ ಕೆಳಗಿಡೋಕೇ ಮನಸ್ಸಿಲ್ಲ, ಕೈಯಲ್ಲೇ ಹಿಡ್ಕೊಂಡಿರೋರು. ಅಲ್ಲೀವರೆಗೂ ನಂಗೆ ಕೋಪ ಇತ್ತು ಕಣ್ರೋ. ಆಮೇಲೆ ಎಲ್ಲಿ ಹೋಯ್ತೋ.

ಗೋಪಾಲಣ್ಣ ಅಂಗಡಿ ಕಡೆ ಹೋದ್ರು. ಕೂಲಿಯವರನ್ನ ಕರೆಯೋಕೆ ಹೋದ್ರು ಅಂತ್ಲೇ ತಿಳ್ಕೊಂಡೆ. ನೋಡಿದ್ರೆ ಎರಡು ತೋಳಲ್ಲೂ ರವಿಕೆ ಕಣ ಹೊತ್ಕೊಂಡು ಬಂದ್ರು. "ಅಮ್ಮಾ, ಒಳಗೆ ಇದನ್ನಿಟ್ರೆ ಖಾಲಿ ಅಂತ ಲೆಕ್ಕ ಅಲ್ಲ ತಾನೇ? ಇಲಿಗೂ ರುಚಿಯಿಲ್ಲ." ಅಜ್ಜಿ ಒಂದು ಕಣ ಬೆರಳಲ್ಲಿ ಮುಟ್ಟಿ ನೋಡಿ, "ಹಸಿರು ಇದ್ಯೇನಪ್ಪಾ?" ಅಂದ್ರು. ನಾನು ತಲೆ ಚಚ್ಕೊಂಡೆ, ಗೋಪಾಲಣ್ಣ ನಗ್ತಾ ಹಸಿರು ತರೋಕೆ ವಾಪಸ್ ಹೋದ್ರು. ಮೂರೂ ಜನ ಕೂತು ಎಲ್ಲ ಪಾತ್ರೆಗೂ ತುಂಬಿದ್ವಿ. ಸಂಜೆ ಆಯ್ತು, ಕತ್ತಲೂ ಆಯ್ತು, ತಗೊಂಡ್ಹೋಗಿ ಅನ್ನೋ ಮಾತು ಆ ಮನುಷ್ಯ ಮತ್ತೆ ಎತ್ತಲಿಲ್ಲ. ತಾರಸಿ ಮುಗಿಯೋವರೆಗೂ ನಮ್ಮ ಸಾಮಾನು ಅಲ್ಲೇ ಇತ್ತು.

ಅದಕ್ಕೇ ಹೇಳೋದು, ದೊಡ್ಡೋರು ಗಂಟು ಕಟ್ತಿದ್ರೆ ದೂರ ನಿಂತು ಹೊಗಳಬೇಡಿ, ಪಕ್ಕದಲ್ಲಿ ಕೂತು ಒಳಗೇನಿದೆ, ಯಾಕಿದೆ ಅಂತ ಕೇಳಿ. ಏಳ್ರಿ, ತಟ್ಟೆ ಹಾಕಿ.