ಕಂಬಳಿ ಹೊತ್ತು ಆಡಿದ ಮಾತು

ಅಕ್ಕಲಕೋಟೆಯ ಸ್ಟ್ಯಾಂಡಿಗೆ ಸೊಲ್ಲಾಪುರದ ಮೋಟಾರು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ರಾಚಪ್ಪನಿಗೆ ಬೇಡವೆಂದರೂ ಪಕ್ಕದ ಕುರುಬರ ಅಕ್ಕ-ತಮ್ಮನ ಮಾತು ಕಿವಿಗೆ ಬೀಳುತ್ತಿತ್ತು. ತಮ್ಮ ಕಾಮಣ್ಣ ಕೂತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ಹೆಗಲ ಕಂಬಳಿ ಜಾರಿದಂತೆಲ್ಲ ಎಳೆದುಕೊಳ್ಳುತ್ತಿದ್ದ.

“ಸೊಲ್ಲಾಪುರದ ನವಿ ಪೇಠದಾಗ ಆ ಪುಢಾರಿ ಕಚೇರಿಗೇ ಹೋಗಿ ಕಂಬಳಿ ತಿರುಗಿ ಕೇಳತೀನಿ, ಅಕ್ಕಾ.”

“ಹೊಚ್ಚಿದ್ದನ್ನ ಯಾರರ ತಿರುಗಿ ಕೇಳ್ತಾರೇನೋ? ಅಂಥಾದ್ದೇನ ಅಂದಾನ ಅವ?”

“ನಿನ್ನಿ ಸಭಾದಾಗ ನಾನ ಅವನ ಹೆಗಲಿಗೆ ಹಾಕೀನಿ. ಅದನ್ನ ಹೊತ್ತಕೊಂಡೇ, ತನ್ನ ಎದುರು ಇಲೆಕ್ಷನ್ನಿಗೆ ನಿಂತವನ ತಾಯಿನ್ನ ಎತ್ತಿ ಹೊಲಸು ಬೈದ.”

“ಇಲೆಕ್ಷನ್ನಿನ್ಯಾಗ ಎಲ್ಲಾರೂ ಬೈತಾರ ಬಿಡು.”

“ಕಂಬಳಿ ತೆಗದಿಟ್ಟು ಬೈಲಿ! ನಮ್ಮ ದೇವ್ರು ಬೀರಪ್ಪನ ಕಂಬಳಿ ಹೊತ್ತಾಗ ನಮ್ಮ ಬಾಯಾಗ ಅಂಥಾ ಮಾತು ಬರತಾವೇನ?”

“ಅವಗೇನ ಗೊತ್ತೋ ನಮ್ಮ ಪದ್ಧತಿ? ತಪ್ಪಾತು ಅಂದ್ರ ಸುಮ್ಮನ ಬರತಿ?”

“ನನ್ನ ಕಿವ್ಯಾಗ ಅಲ್ಲ. ಅದೇ ಕಂಬಳಿ ಹೊತ್ತಕೊಂಡು, ಅಷ್ಟೂ ಮಂದಿ ಮುಂದ ಅನ್ಲಿ.”

ಅಕ್ಕ ಜನಾಬಾಯಿ ಗಂಟು ಬಗಲಿಗೆ ಎತ್ತಿಕೊಂಡಳು.

“ಅವ ಬೈದಾಗ ಮಂದಿ ಏನ ಮಾಡಿದ್ರು?”

“ನಕ್ಕರು.”

“ನೀ?”

ಕಾಮಣ್ಣ ಮೋಟಾರು ಬರುವ ದಾರಿ ನೋಡಿದ.

“ಎಲ್ಲಾರೂ ನಗಾಕತ್ತಿದ್ರು... ನಗಿ ಬಂತು.”

“ಆವಾಗ ನಿನ್ನ ಹೆಗಲ ಮ್ಯಾಲ ಏನಿತ್ತು?”

ಅಷ್ಟರಲ್ಲಿ ಮೋಟಾರು ಧೂಳೆಬ್ಬಿಸಿಕೊಂಡು ಬಂತು. ಅಕ್ಕ ಹಿಂದೆ ತಿರುಗಿ ನೋಡದೆ ಹತ್ತಿದಳು. ಕಾಮಣ್ಣ ಹೆಗಲ ಕಂಬಳಿ ತೆಗೆದು ಮಡಚಿದ. ಎಲ್ಲಿಡಬೇಕೆಂದು ತಿಳಿಯದೆ, ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಅವಳ ಹಿಂದೆ ಹತ್ತಿದ.