ಹನ್ನೆರಡು ಪಾಯಿಂಟ್ ನಾಕು

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರುವುದಿಲ್ಲ. ಹೋದ ಜುಲೈನಲ್ಲಿ ನಮ್ಮ ಪಕ್ಕದ ಖೋಲಿಯ ಶಾಹೀನಳಿಗೆ ಆದದ್ದು ಇದು.

ಕಡೇ ಲೋಕಲ್ ರೈಲು ಇಳಿದು, ಮುಂಬಯಿಯ ಜೋಗೇಶ್ವರಿಯ ಹಳೇ ಬಾವಿಯ ಹಾದಿಯಲ್ಲಿ ಬರುತ್ತಿದ್ದಳು. ಜಿಟಿಜಿಟಿ ಮಳೆ. ಆಕಾಶದಲ್ಲಿ ಒಂದು ಚುಕ್ಕಿಯಿಲ್ಲ... ಹುಡುಗಿಗೋ ಚುಕ್ಕಿಯದೇ ಚಿಂತೆ. ಅವಳ ಪಿಎಚ್‌ಡಿ ಒಂದು ಜೋಡಿ ನಕ್ಷತ್ರದ ಮೇಲೆ. ಒಂದು ಉರಿದು ಮುಗಿದ ಶ್ವೇತಕುಬ್ಜ. ಅದು ಜೊತೆಗಾರನ ಅನಿಲ ಎಳೆದುಕೊಳ್ಳುತ್ತ, ಎರಡು ಮೂರು ವರ್ಷಕ್ಕೊಮ್ಮೆ ಭುಗಿಲೇಳುತ್ತದೆ. ಮೊದಲು ಕಣ್ಣಿಗೆ ಕಾಣುವ ಬೆಳಕು ಏರುತ್ತದೆ, ಅರ್ಧ ದಿನ ಬಿಟ್ಟು ನೇರಳಾತೀತ. ಆ ಏರಿಕೆ ಉಪಗ್ರಹಕ್ಕೆ ಮಾತ್ರ ಸಿಗುವುದು, ಅದೂ ಯಾರಾದರೂ ಮೊದಲೇ ನೋಡಿ ಹೇಳಿದರೆ. ಈ ಸಲ ತಪ್ಪಿದರೆ ಐದು ವರ್ಷದ ಓದು ನೀರುಪಾಲು.

ನೋಡಿ ಹೇಳುತ್ತಿದ್ದವರು ನಮ್ಮ ಚಾಳಿನ ಅಣವೀರಪ್ಪ ಮಾಸ್ತರು, ಧಾರವಾಡದವರು. ಬಾವಿಕಟ್ಟೆಯ ಪಕ್ಕ ಮೂರು ಕಾಲಿನ ದುರ್ಬೀನು ಇಟ್ಟು ದಿನವೂ ನೋಡಿ, "ಇವತ್ತೂ ಎದ್ದಿಲ್ಲ, ತಂಗೀ" ಎಂದು ಅವಳಿಗೆ ಫೋನ್ ಮಾಡುತ್ತಿದ್ದರು. ಮೇ ತಿಂಗಳಲ್ಲಿ ತೀರಿಕೊಂಡರು.

ಕಿರ್ರ್... ಕಟ್. ಕಿರ್ರ್... ಕಟ್.

ದುರ್ಬೀನಿನ ತಿರುಪಿನ ಸದ್ದು. ಬಾವಿಯ ಪಕ್ಕ ಮಾಸ್ತರು ಬಗ್ಗಿ ನಿಂತಿದ್ದಾರೆ.

ಓಡಬೇಕಿತ್ತು. ಆದರೆ ಅವಳಿಗೆ ಬೇಕಾದ ಅಂಕಿ, ಆ ಚುಕ್ಕಿಯ ಬೆಳಕಿನ ಅಳತೆ, ಅವರ ಹತ್ತಿರವಿತ್ತಲ್ಲ!

"ಸರ್... ಎಷ್ಟೈತ್ರೀ?"

"ಹನ್ನೆರಡು ಪಾಯಿಂಟ್ ನಾಕು. ಏರಾಕ್ಹತ್ತೇತಿ. ಲಗೂನ ಕಳಸು, ತಂಗೀ."

"ಮೋಡ ಐತಲ್ರೀ ಸರ್..."

ಕಿರ್ರ್... ಕಟ್. ಅಷ್ಟೇ.

ಒದ್ದೆ ಬಟ್ಟೆಯಲ್ಲೇ ಕೂತು ಉಪಗ್ರಹದವರಿಗೆ ಅರ್ಜಿ ಹಾಕಿದಳು. 'ನೋಡಿದವರು ಯಾರು' ಎಂಬಲ್ಲಿ ಸತ್ತವರ ಹೆಸರು ಹೇಗೆ ಬರೆಯುವುದು? ತನ್ನದೇ ಬರೆದಳು. ಉಪಗ್ರಹ ತಿರುಗಿತು. ನೇರಳಾತೀತದ ಏರಿಕೆ ಬುಡದಿಂದಲೇ ಸಿಕ್ಕಿತು. ಬೇರೆ ದೇಶದವರು ಆ ಬೆಳಕನ್ನು ಕಂಡದ್ದು ಆರು ತಾಸಿನ ಮೇಲೆ.

ಅವಳ ಗೈಡ್ ರಮಾನಾಥರು ಬಿಡಲಿಲ್ಲ. "ಇಡೀ ಮುಂಬಯಿಗೆ ಮೋಡ ಕವಿದಿತ್ತು. ನೀನು ಎಲ್ಲಿಂದ ನೋಡಿದೆ?"

ಸುಳ್ಳು ಸಾಕಾಗಿ ಅವಳು ಅವರನ್ನು ಬಾವಿಗೇ ಕರೆತಂದಳು. ಧೋ ಎಂದು ಮಳೆ. ಕೊಡೆ ಹಿಡಿದವನು ನಾನೇ. ಕಟ್ಟೆಯ ಸುತ್ತ ನೆಲವೆಲ್ಲ ನೀರು ಹರಿಯುತ್ತಿತ್ತು. ನಡುವೆ ಮೂರು ಕಡೆ, ರೂಪಾಯಿ ನಾಣ್ಯದಷ್ಟಗಲ, ನೆಲ ಒಣಗಿತ್ತು.

ಬೇರೆಯವರ ಮಾತಲ್ಲ ಇದು. ನಾನೇ ಬೆರಳಿಟ್ಟು ನೋಡಿದೆ... ಧೂಳು ಮೆತ್ತಿತು.